ಬಗ್ಗದ ರಕ್ತದೊತ್ತಡಕ್ಕೆ ಕಿಡ್ನಿಯ ನರದ ಚಿಕಿತ್ಸೆ: ಎಷ್ಟು ದಿಟ, ಯಾರಿಗೆ ಹಿತ?

ಕಳೆದ ಕಾರ್ತಿಕ ಮಾಸದಲ್ಲಿ ಮಠಕ್ಕೆ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ಪ್ರಸಾದ ಮುಗಿದ ಮೇಲೆ ನಮ್ಮ ಬಳಿ ಬಂದು ಕುಳಿತು, ಕೈಚೀಲದಿಂದ ದಪ್ಪನೆಯ ಕಡತವೊಂದನ್ನು ಹೊರತೆಗೆದರು. ಹದಿನಾಲ್ಕು ವರ್ಷಗಳ ರಕ್ತದೊತ್ತಡದ ಚೀಟಿಗಳು ಅದರಲ್ಲಿ ದಿನಾಂಕದ ಕ್ರಮದಲ್ಲಿ ಜೋಡಣೆಯಾಗಿದ್ದವು. ಮೇಷ್ಟ್ರ ಶಿಸ್ತು ಎಲ್ಲಿಗೆ ಹೋದೀತು! ಕಡೆಯ ಚೀಟಿಯಲ್ಲಿ ನಾಲ್ಕು ಬಗೆಯ ಮಾತ್ರೆಗಳಿದ್ದವು. ಆದರೂ ಒತ್ತಡ 170ರ ಆಸುಪಾಸಿನಿಂದ ಕೆಳಗಿಳಿದಿರಲಿಲ್ಲ. ನಗರದ ಆಸ್ಪತ್ರೆಯೊಂದರಲ್ಲಿ ಅವರಿಗೆ 'ರೀನಲ್ ಡಿನರ್ವೇಶನ್' ಎಂಬ ಹೊಸ ಚಿಕಿತ್ಸೆಯನ್ನು ಸೂಚಿಸಿ, ಹಲವು ಲಕ್ಷ ರೂಪಾಯಿಗಳ ಅಂದಾಜು ವೆಚ್ಚವನ್ನು ಬರೆದುಕೊಟ್ಟಿದ್ದರು. "ಅಡಿಕೆ ತೋಟದ ಒಂದು ಭಾಗ ಅಡವಿಟ್ಟರೆ ಹಣ ಹೊಂದುತ್ತದೆ. ಮಗ ಮಾಡಿಸಿಬಿಡಿ ಅಂತಾನೆ, ಮನೆಯವರು ಹೆದರುತ್ತಾರೆ. ನೀವೊಂದು ಮಾತು ಹೇಳಿ" ಎಂದರು.

ನಾವು ವೈದ್ಯರಲ್ಲ. ಯಾರಿಗೆ ಯಾವ ಚಿಕಿತ್ಸೆ ಆಗಬೇಕೆಂದು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಈ ಪ್ರಶ್ನೆ ಅವರೊಬ್ಬರದಾಗಿ ಉಳಿದಿಲ್ಲ. 2023ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಚಿಕಿತ್ಸೆಯ ಎರಡು ಉಪಕರಣಗಳಿಗೆ, ಕೆಲವೇ ದಿನಗಳ ಅಂತರದಲ್ಲಿ, ಅನುಮತಿ ನೀಡಿತು. 2024ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ಹಾಗೂ 2025ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು ತಮ್ಮ ರಕ್ತದೊತ್ತಡದ ಮಾರ್ಗಸೂಚಿಗಳಲ್ಲಿ ಇದಕ್ಕೆ ಎಚ್ಚರಿಕೆಯ ಒಂದು ಸ್ಥಾನ ಕೊಟ್ಟವು. ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೂ ಈಗ ಇದು ದೊರೆಯುತ್ತಿದೆ. 'ಮಾತ್ರೆಗಳ ಗೋಜಿಲ್ಲದೆ ಬಿ.ಪಿ.ಗೆ ಪರಿಹಾರ' ಎಂಬಂತಹ ಮಾತುಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಆದ್ದರಿಂದ ಈ ಚಿಕಿತ್ಸೆ ಎಂಥದು, ಅದರ ಹಿಂದಿನ ಕಥೆಯೇನು, ತೋಟ ಅಡವಿಡುವ ಮುನ್ನ ಕೇಳಿಕೊಳ್ಳಬೇಕಾದುದೇನು ಎಂಬುದನ್ನು ಬಲ್ಲವರಿಂದ ಕೇಳಿ, ಪ್ರಕಟವಾದ ಅಧ್ಯಯನಗಳನ್ನು ಓದಿ, ಬಂಧುಗಳ ಮುಂದೆ ಇಡುತ್ತಿದ್ದೇವೆ.

ರಕ್ತದೊತ್ತಡವೆಂದರೆ ಹೃದಯದ ಕಾಯಿಲೆ ಎಂದೇ ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ಒತ್ತಡದ ಹದವನ್ನು ದೀರ್ಘಕಾಲ ಕಾಯುವ ಅಂಗ ಕಿಡ್ನಿ. ದೇಹದಲ್ಲಿ ಉಪ್ಪು ಮತ್ತು ನೀರು ಎಷ್ಟು ಉಳಿಯಬೇಕು, ಎಷ್ಟು ಹೊರಹೋಗಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಸರಪಳಿಗೆ ಮೊದಲ ಕೊಂಡಿಯಾದ ರೆನಿನ್ ಎಂಬ ದ್ರವ್ಯವೂ ಅಲ್ಲಿಂದಲೇ ಹೊರಡುತ್ತದೆ. ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿಯ ಹೊರಗೋಡೆಯ ಸುತ್ತ, ಅಡಿಕೆ ಮರಕ್ಕೆ ಹಬ್ಬಿದ ವೀಳ್ಯದೆಲೆಯ ಬಳ್ಳಿಯಂತೆ, ಸೂಕ್ಷ್ಮವಾದ ನರಗಳು ಹಬ್ಬಿವೆ. ಭಯ, ಕೋಪ, ಅವಸರಗಳ ಹೊತ್ತಿನಲ್ಲಿ ಮೈಯನ್ನು ಸಜ್ಜುಗೊಳಿಸುವ ಅನುವೇದಕ ನರಮಂಡಲಕ್ಕೆ ಸೇರಿದ ನರಗಳಿವು. ಮಿದುಳಿನಿಂದ ಬಂದ ಆಜ್ಞೆಯನ್ನು ಇವು ಕಿಡ್ನಿಗೆ ಮುಟ್ಟಿಸುತ್ತವೆ: ರೆನಿನ್ ಹೆಚ್ಚಿಸು, ಉಪ್ಪನ್ನು ಹಿಡಿದಿಡು, ನಾಳಗಳನ್ನು ಬಿಗಿಮಾಡು. ಕಿಡ್ನಿಯ ಸುದ್ದಿಯನ್ನು ಮಿದುಳಿಗೆ ಹೊತ್ತೊಯ್ಯುವ ನರಗಳೂ ಇವುಗಳ ಜೊತೆಯಲ್ಲಿಯೇ ಇವೆ. ಈ ನರಗಳ ಸದ್ದು ಅಡಗದೆ ಸದಾ ಏರಿದ್ದರೆ ಒತ್ತಡವೂ ಏರಿಯೇ ಇರುತ್ತದೆ ಎಂಬುದು ಈ ಚಿಕಿತ್ಸೆಯ ತಳಹದಿ.

ಮಾಡುವ ಕ್ರಮ ಕೇಳುವುದಕ್ಕೆ ಸರಳ. ತೊಡೆಯ ಸಂದಿನಲ್ಲಿ ಅಪಧಮನಿಗೆ ಸೂಜಿ ಚುಚ್ಚಿ, ಆಂಜಿಯೊಗ್ರಾಂ ಮಾಡುವಂತೆಯೇ ಸಪೂರವಾದ ಕೊಳವೆಯನ್ನು ಕಿಡ್ನಿಯ ಅಪಧಮನಿಯವರೆಗೆ ಒಯ್ಯುತ್ತಾರೆ. ಒಂದು ಬಗೆಯ ಉಪಕರಣದ ತುದಿ ಸುರುಳಿಯಾಗಿ ನಾಳದ ಒಳಗೋಡೆಗೆ ತಾಗಿ, ನಾಲ್ಕು ಕಡೆಯಿಂದ ರೇಡಿಯೊ ತರಂಗದ ಶಾಖ ನೀಡುತ್ತದೆ. ಇನ್ನೊಂದು ಬಗೆಯದರಲ್ಲಿ ಪುಟ್ಟ ಬಲೂನಿನೊಳಗಿಂದ ಅಲ್ಟ್ರಾಸೌಂಡ್ ತರಂಗಗಳು ಹೊರಟು ಗೋಡೆಯಾಚೆಯ ನರಗಳನ್ನು ಸುಡುತ್ತವೆ; ಬಲೂನಿನಲ್ಲಿ ಹರಿಯುವ ನೀರು ನಾಳದ ಒಳಪದರವನ್ನು ತಂಪಾಗಿರಿಸುತ್ತದೆ. ಹೊಟ್ಟೆ ಕೊಯ್ಯುವುದಿಲ್ಲ, ಮೈಯೊಳಗೆ ಸ್ಟೆಂಟಿನಂತೆ ಏನನ್ನೂ ಬಿಟ್ಟು ಬರುವುದಿಲ್ಲ. ಆದರೆ ಒಂದು ಕೊರತೆ ಇಂದಿಗೂ ಉಳಿದಿದೆ. ನರಗಳು ನಿಜಕ್ಕೂ ಸುಟ್ಟವೇ, ಎಷ್ಟು ಸುಟ್ಟವು ಎಂಬುದನ್ನು ಚಿಕಿತ್ಸೆಯ ಮೇಜಿನ ಮೇಲೆಯೇ ಖಚಿತವಾಗಿ ತೋರಿಸಿಕೊಡುವ ಪರೀಕ್ಷೆ ವೈದ್ಯರ ದಿನನಿತ್ಯದ ಬಳಕೆಯಲ್ಲಿಲ್ಲ. ಮುಚ್ಚಿದ ಹೃದಯನಾಳವನ್ನು ತೆರೆದಾಗ ರಕ್ತ ಹರಿಯುವುದು ಪರದೆಯ ಮೇಲೆ ಕಾಣುತ್ತದೆ. ಇಲ್ಲಿ ವೈದ್ಯರೂ ರೋಗಿಯೂ ವಾರಗಟ್ಟಲೆ ಕಾದು ನೋಡಬೇಕು.

ನರವನ್ನು ಕಡಿದು ಒತ್ತಡ ಇಳಿಸುವ ಯೋಚನೆ ಹೊಸದಲ್ಲ. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ಕುಸಿದಾಗ ಅವರ ರಕ್ತದೊತ್ತಡ 300ನ್ನು ಮುಟ್ಟಿತ್ತು. ಜಗತ್ತಿನ ಅತ್ಯಂತ ಬಲಿಷ್ಠ ರಾಷ್ಟ್ರದ ಅಧ್ಯಕ್ಷನಿಗೂ ಕೊಡಬಲ್ಲ ಸಮರ್ಥವಾದ ಮಾತ್ರೆಯೊಂದು ಅಂದು ಇರಲಿಲ್ಲ. ಆ ಕಾಲದಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಸ್ಮಿತ್‌ವಿಕ್ ಮೊದಲಾದವರು ಬೆನ್ನುಮೂಳೆಯ ಇಕ್ಕೆಲಗಳಲ್ಲಿ ಕೊಯ್ದು ಅನುವೇದಕ ನರಗಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1953ರಲ್ಲಿ ಅವರು ತಮ್ಮ 1,266 ರೋಗಿಗಳ ವಿವರವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಿದ್ದರು. ಆದರೆ ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಬೀಳುವುದು, ಬೆವರಿನ ಏರುಪೇರು, ಪುರುಷರಲ್ಲಿ ಲೈಂಗಿಕ ದೌರ್ಬಲ್ಯ ಮೊದಲಾದ ಕಷ್ಟಗಳು ಜೊತೆಗೂಡಿದವು. 1958ರ ಹೊತ್ತಿಗೆ ಕ್ಲೋರೊಥೈಯಾಜೈಡ್ ಎಂಬ ಮೂತ್ರವರ್ಧಕ ಮಾತ್ರೆ ಬಂದಿತು. ಕತ್ತಿ ಹಿಂದೆ ಸರಿಯಿತು. ಅಧ್ಯಕ್ಷರಿಗೆ ಸಿಗದಿದ್ದ ಔಷಧಿಯ ವಂಶದ್ದೇ ಒಂದು ಮಾತ್ರೆ ಇಂದು ನಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇದೆಯೆಂಬುದನ್ನು ನೆನೆದರೆ ನಮಗೆ ಅಚ್ಚರಿಯಾಗುತ್ತದೆ. ಅದನ್ನು ನುಂಗದೆ ಇರುವವರನ್ನು ನೆನೆದರೆ ಇನ್ನೂ ಹೆಚ್ಚು ಅಚ್ಚರಿಯಾಗುತ್ತದೆ.

ಅರ್ಧ ಶತಮಾನದ ನಂತರ ಅದೇ ಯೋಚನೆ ಕೊಳವೆಯ ರೂಪದಲ್ಲಿ ಮರಳಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಹೆನ್ರಿ ಕ್ರಮ್, ಮರ್ರೆ ಎಸ್ಲರ್ ಮೊದಲಾದ ಸಂಶೋಧಕರು ಮುಂಚೂಣಿಯಲ್ಲಿದ್ದರು. 2009ರಲ್ಲಿ ಐವತ್ತಕ್ಕೂ ಕಡಿಮೆ ರೋಗಿಗಳ ಮೊದಲ ಪ್ರಯೋಗದ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2010ರಲ್ಲಿ ಸಿಂಪ್ಲಿಸಿಟಿ-2 ಎಂಬ ಅಧ್ಯಯನ ಬಂತು: 106 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ಚಿಕಿತ್ಸೆ ನೀಡಿ, ಇನ್ನೊಂದನ್ನು ಮಾತ್ರೆಗಳಲ್ಲಿಯೇ ಮುಂದುವರಿಸಿದರು. ಆರು ತಿಂಗಳಲ್ಲಿ ಚಿಕಿತ್ಸೆ ಪಡೆದವರ ಮೇಲಿನ ಒತ್ತಡ 32 ಅಂಕ ಇಳಿದಿತ್ತು. ಪಡೆಯದವರದು ಇದ್ದಲ್ಲಿಯೇ ಇತ್ತು. ಮೂವತ್ತೆರಡು ಅಂಕವೆಂದರೆ ಮೂರು ನಾಲ್ಕು ಮಾತ್ರೆಗಳ ಬಲ! ಅದೇ ವರ್ಷ ಮೆಡ್‌ಟ್ರಾನಿಕ್ ಕಂಪನಿಯು ಈ ಉಪಕರಣವನ್ನು ರೂಪಿಸಿದ್ದ ಆರ್ಡಿಯನ್ ಎಂಬ ಪುಟ್ಟ ಸಂಸ್ಥೆಯನ್ನು 80 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಾಗಿ ಘೋಷಿಸಿತು. ಯುರೋಪಿನಲ್ಲಿ ಸಾವಿರಾರು ಮಂದಿ ಈ ಚಿಕಿತ್ಸೆ ಮಾಡಿಸಿಕೊಂಡರು.

ಇಲ್ಲಿಂದ ಮುಂದೆ ನಡೆದುದನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಈ ಇಡೀ ವಿಷಯದ ತಿರುಳು ಅಲ್ಲಿದೆ.

ಸಿಂಪ್ಲಿಸಿಟಿ-2 ಅಧ್ಯಯನದಲ್ಲಿ ಯಾರಿಗೆ ಚಿಕಿತ್ಸೆಯಾಗಿದೆ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. ಅಮೆರಿಕದಲ್ಲಿ ಅನುಮತಿ ಪಡೆಯಬೇಕಾದರೆ ಅಷ್ಟು ಸಾಲದೆಂದು, 88 ಕೇಂದ್ರಗಳಲ್ಲಿ 535 ರೋಗಿಗಳ ಮೇಲೆ ಸಿಂಪ್ಲಿಸಿಟಿ-3 ಎಂಬ ಪ್ರಯೋಗ ನಡೆಯಿತು. ಇಲ್ಲಿ ಪ್ರತಿಯೊಬ್ಬರನ್ನೂ ಚಿಕಿತ್ಸೆಯ ಕೋಣೆಗೆ ಕರೆದೊಯ್ದು, ಮಂಪರಿನ ಔಷಧ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಕಿವಿಗೆ ಸಂಗೀತ ಕೇಳಿಸಿ, ತೊಡೆಯಲ್ಲಿ ಕೊಳವೆ ಇಳಿಸಿ ಕಿಡ್ನಿಯ ನಾಳದ ಚಿತ್ರ ತೆಗೆದರು. ಆಮೇಲೆ ಮೂವರಲ್ಲಿ ಇಬ್ಬರಿಗೆ ನರಗಳನ್ನು ಸುಟ್ಟರು. ಮೂರನೆಯವರಿಗೆ ಏನನ್ನೂ ಮಾಡದೆ, ಮೇಜಿನ ಮೇಲೆ ಕೆಲ ಹೊತ್ತು ಮಲಗಿಸಿಯೇ ಹೊರಗೆ ಕಳುಹಿಸಿದರು. ತಾನು ಯಾವ ಗುಂಪಿನವನೆಂಬುದು ರೋಗಿಗೆ ತಿಳಿಯದು. ಬಳಿಕ ಒತ್ತಡ ಅಳೆಯುವವರಿಗೂ ತಿಳಿಯದು.

2014ರ ಜನವರಿಯಲ್ಲಿ ಕಂಪನಿಯೇ ಪ್ರಯೋಗ ಗುರಿ ಮುಟ್ಟಲಿಲ್ಲವೆಂದು ಪ್ರಕಟಿಸಿತು. ಚಿಕಿತ್ಸೆಯಾದವರಲ್ಲಿ ಒತ್ತಡ ಸುಮಾರು 14 ಅಂಕ ಇಳಿದಿತ್ತು. ತೋರಿಕೆಯ ಚಿಕಿತ್ಸೆಯಾದವರಲ್ಲಿಯೂ ಸುಮಾರು 12 ಅಂಕ ಇಳಿದಿತ್ತು. ಮೂವತ್ತೆರಡು ಅಂಕಗಳ ಬೆರಗು ಎರಡೂವರೆ ಅಂಕಕ್ಕೆ ಕುಗ್ಗಿತು.

ಏನನ್ನೂ ಮಾಡಿಸಿಕೊಳ್ಳದವರ ಒತ್ತಡ ಹನ್ನೆರಡು ಅಂಕ ಇಳಿದದ್ದು ಹೇಗೆ? ನಂಬಿಕೆಯ ಬಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದೂ ಇದ್ದೀತು. ಆದರೆ ಇನ್ನೂ ಎರಡು ಕಾರಣಗಳು ಗಟ್ಟಿಯಾಗಿವೆ. ಇಂತಹ ಪ್ರಯೋಗಕ್ಕೆ ಜನರನ್ನು ಆರಿಸುವುದು ಅವರ ಒತ್ತಡ ಬಹಳ ಏರಿದ್ದ ದಿನದ ಅಳತೆಯನ್ನು ನೋಡಿ. ಏರಿಳಿಯುವ ಯಾವುದೇ ಸಂಖ್ಯೆ, ಅತಿ ಎತ್ತರದಲ್ಲಿದ್ದಾಗ ಹಿಡಿದು ಕೆಲ ತಿಂಗಳ ಬಳಿಕ ನೋಡಿದರೆ, ತಾನಾಗಿಯೇ ಸ್ವಲ್ಪ ಕೆಳಗೆ ಬಂದಿರುತ್ತದೆ. ಎರಡನೆಯದು ಮನುಷ್ಯ ಸ್ವಭಾವ. ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆ ಆಗಿದೆ, ಪದೇಪದೇ ಕರೆದು ಪರೀಕ್ಷಿಸುತ್ತಾರೆ ಎಂಬ ಅರಿವಿನಿಂದ ಜನ ಅದುವರೆಗೆ ಮರೆಯುತ್ತಿದ್ದ ಮಾತ್ರೆಗಳನ್ನು ಮರೆಯದೆ ನುಂಗತೊಡಗುತ್ತಾರೆ. ಅಂದರೆ ಆ ಹನ್ನೆರಡು ಅಂಕಗಳಲ್ಲಿ ಒಂದು ಪಾಲು ಹಳೆಯ ಮಾತ್ರೆಗಳದೇ ಕೆಲಸವಾಗಿರಬಹುದು. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆಯನ್ನು ಪರೀಕ್ಷಿಸಲು ಹೊರಟವರಿಗೆ ಮಾತ್ರೆಯ ಬೆಲೆ ಕಂಡಿತು.

ಹಾಗೆಂದು ಕಥೆ ಅಲ್ಲಿಗೆ ಮುಗಿಯಲಿಲ್ಲ. ವೈಜ್ಞಾನಿಕ ಪ್ರಾಮಾಣಿಕತೆಗೆ ಇದೂ ಒಂದು ನಿದರ್ಶನವೆಂದು ನಾವು ಭಾವಿಸುತ್ತೇವೆ: ಸೋತ ಪ್ರಯೋಗವನ್ನು ಮುಚ್ಚಿಡದೆ ಬಿಚ್ಚಿ ನೋಡಿದರು. ಚಿಕಿತ್ಸೆ ಮಾಡಿದ ವೈದ್ಯರಲ್ಲಿ ಅನೇಕರಿಗೆ ಇದರ ಅನುಭವವೇ ಇರಲಿಲ್ಲ. ಕೆಲವರು ಇಡೀ ಪ್ರಯೋಗದಲ್ಲಿ ಒಂದೇ ಒಂದು ಸಲ ಮಾಡಿದ್ದರು. ನಾಳದ ಸುತ್ತಲೂ ಶಾಖ ತಲುಪಬೇಕಾದಲ್ಲಿ ಬಹುಮಂದಿಗೆ ಒಂದೆರಡು ಬದಿಗೆ ಮಾತ್ರ ತಲುಪಿತ್ತು. ರೋಗಿಗಳ ಮಾತ್ರೆಗಳು ನಡುವೆ ಬದಲಾಗಿದ್ದವು. ಈ ತಪ್ಪುಗಳನ್ನು ತಿದ್ದಿಕೊಂಡು, ತೋರಿಕೆಯ ಚಿಕಿತ್ಸೆಯ ಗುಂಪನ್ನು ಮಾತ್ರ ಬಿಡದೆ, ಹೊಸ ಉಪಕರಣಗಳೊಂದಿಗೆ ಮತ್ತೆ ಪ್ರಯೋಗಗಳು ನಡೆದವು. ಮಾತ್ರೆ ನಿಲ್ಲಿಸಿದ 331 ಜನರಲ್ಲಿ ನಡೆದ ಸ್ಪೈರಲ್ ಪ್ರಯೋಗದಲ್ಲಿ, ದಿನವಿಡೀ ಯಂತ್ರ ಕಟ್ಟಿ ಅಳೆದ ಒತ್ತಡ, ತೋರಿಕೆಯ ಗುಂಪಿಗಿಂತ ಸುಮಾರು 4 ಅಂಕ ಹೆಚ್ಚು ಇಳಿಯಿತು. 2023ರಲ್ಲಿ ಪ್ರಕಟವಾದ ರೇಡಿಯನ್ಸ್-2 ಎಂಬ ಅಲ್ಟ್ರಾಸೌಂಡ್ ಪ್ರಯೋಗದಲ್ಲಿ, 224 ಜನರಲ್ಲಿ, ಹಗಲಿನ ಒತ್ತಡದ ಅಂತರ ಸುಮಾರು 6 ಅಂಕ. ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇವಿಸಿಯೂ ಒತ್ತಡ ಇಳಿಯದಿದ್ದ 136 ಜನರಲ್ಲಿ ಅಂತರ 4.5 ಅಂಕ. ಆದರೆ ಮಾತ್ರೆ ಸೇವಿಸುತ್ತಿದ್ದ 337 ಜನರಲ್ಲಿ ನಡೆದ ಸ್ಪೈರಲ್ ಬಳಗದ ಇನ್ನೊಂದು ಪ್ರಯೋಗ, ದಿನವಿಡೀ ಅಳತೆಯ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ತೋರಿಕೆಯ ಗುಂಪಿನವರು ಆ ಅವಧಿಯಲ್ಲಿ ಹೆಚ್ಚು ಔಷಧ ಸೇವಿಸಿದ್ದರು. 2023ರ ಆಗಸ್ಟಿನಲ್ಲಿ ಈ ಉಪಕರಣದ ಕುರಿತು ಅಮೆರಿಕದ ತಜ್ಞರ ಸಲಹಾ ಸಮಿತಿ ಹೆಚ್ಚುಕಡಿಮೆ ಇಬ್ಭಾಗವಾಗಿ ಮತ ಹಾಕಿತ್ತು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಹೀಗಾಗಿ ನಮ್ಮ ತಿಳಿವಳಿಕೆ ಇಷ್ಟು: ಈ ಚಿಕಿತ್ಸೆ ಒತ್ತಡವನ್ನು ಇಳಿಸುವುದು ದಿಟ, ಇಳಿಸುವ ಪ್ರಮಾಣ ಸರಾಸರಿಯಲ್ಲಿ ಒಂದು ಒಳ್ಳೆಯ ಮಾತ್ರೆಯಷ್ಟು ಅಥವಾ ಅದಕ್ಕಿಂತ ತುಸು ಕಡಿಮೆ. ಇದನ್ನು ಹೀಗಳೆಯಬೇಕಾಗಿಲ್ಲ. ಮೇಲಿನ ಒತ್ತಡ 5 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂತಹ ಅವಘಡಗಳು ಸುಮಾರು ಹತ್ತರಲ್ಲಿ ಒಂದು ಭಾಗ ತಗ್ಗುತ್ತವೆ ಎಂದು ಮಾತ್ರೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ತೋರಿಸಿದೆ. ಮಾತ್ರೆಯನ್ನು ದಿನವೂ ನೆನಪಿಟ್ಟು ನುಂಗಬೇಕು; ಇದು ಹಗಲಿರುಳು ತಾನಾಗಿ ಕೆಲಸ ಮಾಡುತ್ತದೆ, ಮೂರು ವರ್ಷಗಳಾಚೆಗೂ ಪರಿಣಾಮ ಉಳಿದಿರುವ ದಾಖಲೆಗಳಿವೆ. ಕಿಡ್ನಿಗೆ ದೊಡ್ಡ ಹಾನಿ ಕಂಡುಬಂದಿಲ್ಲ. ಚುಚ್ಚಿದ ಕಡೆ ರಕ್ತಸ್ರಾವ, ಅಪರೂಪಕ್ಕೆ ಕಿಡ್ನಿಯ ನಾಳ ಕಿರಿದಾಗುವುದು, ಇವು ತಿಳಿದ ಅಪಾಯಗಳು. ಇನ್ನು ಕೊರತೆಯ ಪಕ್ಷ. ಇದನ್ನು ಮಾಡಿಸಿಕೊಂಡವರಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಸಾವೋ ಕಡಿಮೆಯಾಯಿತೆಂದು ನೇರವಾಗಿ ಸಾಧಿಸಿ ತೋರಿಸಿದ ಪ್ರಯೋಗ ಇದುವರೆಗೆ ಇಲ್ಲ. ಯಾರಿಗೆ ಫಲಿಸುತ್ತದೆ, ಯಾರಿಗೆ ಫಲಿಸದು ಎಂದು ಮುಂಚಿತವಾಗಿ ಹೇಳಲಾಗುತ್ತಿಲ್ಲ. ಮತ್ತು, ಮೊಬೈಲಿನ ಸಂದೇಶಗಳು ಏನೇ ಹೇಳಲಿ, ಬಹುಪಾಲು ರೋಗಿಗಳು ಇದಾದ ಮೇಲೂ ಮಾತ್ರೆ ನುಂಗುತ್ತಲೇ ಇರಬೇಕಾಗುತ್ತದೆ.

ಯುರೋಪಿನ 2024ರ ಮಾರ್ಗಸೂಚಿಯ ಮಾತಿನಲ್ಲಿಯೂ ಈ ಎಚ್ಚರ ಕಾಣುತ್ತದೆ. ಮೂರು ಔಷಧಗಳ ಬಳಿಕವೂ ಒತ್ತಡ ಇಳಿಯದವರಲ್ಲಿ, ಅನುಭವಿ ಕೇಂದ್ರಗಳಲ್ಲಿ, ಬೇರೆ ಬೇರೆ ವಿಭಾಗಗಳ ತಜ್ಞರು ಕೂಡಿ ನೋಡಿದ ಮೇಲೆ, ರೋಗಿಯೂ ಬಯಸಿದರೆ ಇದನ್ನು 'ಪರಿಗಣಿಸಬಹುದು' ಎಂದಷ್ಟೇ ಅದು ಹೇಳುತ್ತದೆ. ಮೊದಲ ಚಿಕಿತ್ಸೆಯಾಗಿ ಇದನ್ನು ಬಳಸಕೂಡದೆಂದೂ, ಕಿಡ್ನಿಯ ಶಕ್ತಿ ಬಹಳ ಕುಂದಿದವರಿಗೆ ಬೇಡವೆಂದೂ ಸ್ಪಷ್ಟಪಡಿಸಿದೆ.

ಈಗ ನಮ್ಮ ನಾಡಿನ ಕಡೆಗೆ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79ರ ವಯಸ್ಸಿನವರಲ್ಲಿ ಸುಮಾರು 18.8 ಕೋಟಿ ಜನರಿಗೆ ಏರಿದ ರಕ್ತದೊತ್ತಡವಿದೆ. ಅವರಲ್ಲಿ ತಮಗೆ ಅದು ಇದೆಯೆಂದು ಗೊತ್ತಿರುವವರು ನೂರಕ್ಕೆ 37, ಔಷಧ ಸೇವಿಸುವವರು 30, ಒತ್ತಡ ಹತೋಟಿಯಲ್ಲಿರುವವರು 15 ಮಾತ್ರ. ಉಳಿದ 85 ಜನರ ಒತ್ತಡ ಹತೋಟಿ ತಪ್ಪಿರುವುದು ನರಗಳ ಹಟದಿಂದಲ್ಲ. ಹೆಚ್ಚಿನವರ ತೋಳಿಗೆ ಯಾರೂ ಪಟ್ಟಿ ಕಟ್ಟಿ ನೋಡಿಲ್ಲ; ನೋಡಿಸಿಕೊಂಡವರಲ್ಲಿ ಅನೇಕರು, ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಏಕೆ ಎಂದು ಬಿಟ್ಟಿದ್ದಾರೆ. ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದ ಮೇಲೆ ಮನೆಯವರು ಹಳೆಯ ಚೀಟಿ ಹುಡುಕುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ.

'ಬಗ್ಗದ' ರಕ್ತದೊತ್ತಡವೆಂದು ಹೆಸರಿಟ್ಟುಕೊಂಡು ಬರುವವರಲ್ಲಿಯೂ ನಿಜವಾಗಿ ಬಗ್ಗದವರು ಕಡಿಮೆ. ಮೂತ್ರದಲ್ಲಿ ಔಷಧದ ಅಂಶವನ್ನು ಹುಡುಕುವ ಪರೀಕ್ಷೆಗಳನ್ನು ವಿದೇಶಗಳಲ್ಲಿ ಮಾಡಿದಾಗ, ಬಗ್ಗದ ಒತ್ತಡದವರೆಂದು ದೊಡ್ಡ ಆಸ್ಪತ್ರೆಗೆ ಬಂದವರಲ್ಲಿ ಬಹಳಷ್ಟು ಜನ, ಕೆಲವು ಅಧ್ಯಯನಗಳಲ್ಲಿ ಅರ್ಧದಷ್ಟು ಜನ, ಬರೆದುಕೊಟ್ಟ ಮಾತ್ರೆಗಳನ್ನು ಪೂರ್ತಿ ಸೇವಿಸುತ್ತಿರಲಿಲ್ಲ. ಇನ್ನು ಕೆಲವರ ಒತ್ತಡ ಬಿಳಿಕೋಟು ಕಂಡೊಡನೆ ಏರುತ್ತದೆ, ಮನೆಯಲ್ಲಿ ಇಳಿದಿರುತ್ತದೆ. ಮಂಡಿನೋವಿಗೆಂದು ಔಷಧದ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಒತ್ತಡವನ್ನು ಏರಿಸುತ್ತದೆ ಎಂಬುದು ನಮ್ಮ ರೈತಾಪಿ ಜನರಲ್ಲಿ ಎಷ್ಟು ಜನರಿಗೆ ಗೊತ್ತು? ಜ್ಯೇಷ್ಠಮಧುವನ್ನು ಮಿತಿಮೀರಿ ಸೇವಿಸಿದರೂ ಹಾಗೆಯೇ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವವರಲ್ಲಿ ನಿದ್ರೆಯ ಆ ದೋಷವೇ ಒತ್ತಡಕ್ಕೆ ಕಾರಣವಾಗಿರಬಹುದು. ಕಿಡ್ನಿಯ ಮೇಲಿನ ಅಡ್ರೀನಲ್ ಗ್ರಂಥಿ ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿದ್ದರೆ, ರಕ್ತಪರೀಕ್ಷೆಯಿಂದ ಅದನ್ನು ಕಂಡುಹಿಡಿಯಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ಅಗ್ಗದ ಔಷಧವೊಂದರ ಮಾತನ್ನೂ ಇಲ್ಲಿ ಹೇಳಬೇಕು. 2015ರಲ್ಲಿ ಬ್ರಿಟನ್ನಿನ ಪಾತ್‌ವೇ-2 ಪ್ರಯೋಗವು ಮೂರು ಔಷಧಗಳಿಗೆ ಬಗ್ಗದವರಿಗೆ ನಾಲ್ಕನೆಯದಾಗಿ ಯಾವುದು ಉತ್ತಮವೆಂದು ಹೋಲಿಸಿ ನೋಡಿತು. ಗೆದ್ದದ್ದು ಸ್ಪೈರೊನೊಲ್ಯಾಕ್ಟೋನ್, ಹಲವು ದಶಕಗಳ ಹಳೆಯ ಮಾತ್ರೆ. ಬರಿಯ ಹುಸಿಮಾತ್ರೆಗೆ ಹೋಲಿಸಿದರೆ ಅದು ಒತ್ತಡವನ್ನು 8 ಅಂಕಗಳಿಗೂ ಮೇಲೆ ಇಳಿಸಿತು. ಅದು ಎಲ್ಲರಿಗೂ ಒಗ್ಗದು. ರಕ್ತದ ಪೊಟ್ಯಾಸಿಯಂ ಏರುತ್ತದೆಯೇ ಎಂದು ಪರೀಕ್ಷಿಸುತ್ತಿರಬೇಕು, ಕೆಲ ಪುರುಷರಲ್ಲಿ ಎದೆ ಊದಿಕೊಳ್ಳುತ್ತದೆ. ಆದರೂ ಅದನ್ನು ಒಮ್ಮೆಯೂ ಕೊಟ್ಟು ನೋಡದೆ ಲಕ್ಷಾಂತರ ರೂಪಾಯಿಗಳ ಕೊಳವೆಯ ಕಡೆಗೆ ಕೈ ತೋರಿಸುವುದು ನಮಗೆ ಸರಿಕಾಣುವುದಿಲ್ಲ.

ಉಪ್ಪಿನ ವಿಷಯದಲ್ಲಿ ನಾವು ಬೇರೆಯವರಿಗೆ ಹೇಳುವ ಮುನ್ನ ನಮ್ಮ ದಾಸೋಹದ ಪಾತ್ರೆಯನ್ನೇ ನೋಡಿಕೊಳ್ಳಬೇಕು. ಸಾವಿರ ಜನರ ಸಾರಿಗೆ ಉಪ್ಪು ಬೀಳುವುದು ಅಂದಾಜಿನಲ್ಲಿ, ಅಂದಾಜು ಸದಾ ಮುಂದಕ್ಕೇ ವಾಲುತ್ತದೆ. ಎಲೆಯ ತುದಿಯಲ್ಲಿ ಮತ್ತೆ ಒಂದು ಚಿಟಿಕೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ, 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ಸರಾಸರಿ 8 ಗ್ರಾಂನಷ್ಟು ಕಂಡುಬಂದಿತ್ತು. ಚೀನಾದ 600 ಹಳ್ಳಿಗಳಲ್ಲಿ, ಪಾರ್ಶ್ವವಾಯು ಆಗಿದ್ದ ಅಥವಾ ವಯಸ್ಸಾಗಿ ಒತ್ತಡ ಏರಿದ್ದ ಸುಮಾರು 21,000 ಜನರಲ್ಲಿ ನಡೆದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಹಳ್ಳಿಗಳವರಿಗೆ ಅಡುಗೆಗೆ, ಕಾಲುಭಾಗ ಪೊಟ್ಯಾಸಿಯಂ ಲವಣ ಬೆರೆಸಿದ ಉಪ್ಪನ್ನು ಕೊಟ್ಟರು. ಐದು ವರ್ಷಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ತಗ್ಗಿತು. ನರ ಸುಡುವ ಚಿಕಿತ್ಸೆ ಇನ್ನೂ ತೋರಿಸಿಕೊಡಬೇಕಾದುದನ್ನು ಉಪ್ಪಿನ ಡಬ್ಬಿ ಈಗಾಗಲೇ ತೋರಿಸಿದೆ. ಕಿಡ್ನಿಯ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಆ ಉಪ್ಪನ್ನು ಬಳಸಬಾರದು.

ಸರ್ಕಾರದ ಕಡೆಯಿಂದ ಏನೂ ಆಗುತ್ತಿಲ್ಲವೆಂದೇನೂ ಇಲ್ಲ. 2017ರಲ್ಲಿ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ, ಒಂದೇ ಕ್ರಮದ ಕೆಲವೇ ಮಾತ್ರೆಗಳನ್ನು ತಪ್ಪದೆ ಒದಗಿಸಿ, ಬಾರದವರನ್ನು ಹುಡುಕಿ ಕರೆದರೆ ಸಾಮಾನ್ಯ ಆರೋಗ್ಯ ಕೇಂದ್ರದಲ್ಲಿಯೂ ಒತ್ತಡವನ್ನು ಹತೋಟಿಗೆ ತರಬಹುದೆಂದು ತೋರಿಸಿದೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ, 30 ವರ್ಷ ದಾಟಿದವರ ಮನೆಬಾಗಿಲಿಗೇ ತಪಾಸಣೆಯನ್ನು ಒಯ್ಯುವ ಉದ್ದೇಶದ್ದು. ಇಂತಹ ಕೆಲಸಕ್ಕೆ ಜಾಹೀರಾತು ಕೊಡುವವರಿಲ್ಲ. ಒಂದು ತಿಂಗಳು ಮಾತ್ರೆಯ ಸರಬರಾಜು ನಿಂತರೆ ಸುದ್ದಿಯೂ ಆಗುವುದಿಲ್ಲ.

ಹಾಗಾದರೆ ಈ ಚಿಕಿತ್ಸೆ ಯಾರಿಗೂ ಬೇಡವೇ? ಹಾಗಲ್ಲ. ಮಾತ್ರೆಗಳನ್ನು ನಿಜವಾಗಿಯೂ ಸೇವಿಸುತ್ತಿದ್ದು, ಮನೆಯ ಅಳತೆಯಲ್ಲಿಯೂ ಒತ್ತಡ ಏರಿಯೇ ಇದ್ದು, ಬೇರೆ ಕಾರಣಗಳನ್ನೆಲ್ಲ ಹುಡುಕಿ ಮುಗಿಸಿದವರಿದ್ದಾರೆ. ಒಂದರ ಹಿಂದೊಂದು ಮಾತ್ರೆ ಮೈಗೆ ಒಗ್ಗದೆ, ಕಾಲು ಊದಿ, ಕೆಮ್ಮು ಬಂದು, ತಲೆತಿರುಗಿ ಸೋತವರಿದ್ದಾರೆ. ಅವರಿಗೆ ಐದಾರು ಅಂಕಗಳ ಇಳಿತವೂ ದೊಡ್ಡ ಆಸರೆ. ಅಂಥವರು ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ: ತಾವು ಇದನ್ನು ಎಷ್ಟು ಜನರಿಗೆ ಮಾಡಿದ್ದೀರಿ, ಆರು ತಿಂಗಳ ಬಳಿಕ ಅವರ ಒತ್ತಡ ಎಷ್ಟಿತ್ತು, ನನಗೆ 24 ಗಂಟೆಯ ಅಳತೆ ಮಾಡಿದ್ದೀರಾ, ಆಲ್ಡೊಸ್ಟಿರೋನ್ ನೋಡಿದ್ದೀರಾ, ಇಳಿಯದಿದ್ದರೆ ಮುಂದೇನು, ನನ್ನ ವಿಮೆ ಇದಕ್ಕೆ ಹಣ ಕೊಡುತ್ತದೆಯೇ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಮೇಷ್ಟ್ರ ಕಡತವನ್ನು ಅಂದು ನಾವು ನಮ್ಮಲ್ಲಿಗೆ ಬರುವ ಹಿರಿಯ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಚೀಟಿಗಳನ್ನು ಬದಿಗಿಟ್ಟು, "ಮೇಷ್ಟ್ರೇ, ಈ ನಾಲ್ಕರಲ್ಲಿ ನೀವು ದಿನಾ ತಗೊಳ್ಳೋದು ಯಾವ್ಯಾವುದು?" ಎಂದು ಕೇಳಿದರು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂತ್ರವರ್ಧಕವನ್ನು ಬಿಟ್ಟು ಒಂದು ವರ್ಷವಾಯಿತೆಂದರು. ಅದನ್ನು ನುಂಗಿದ ದಿನ ಬಸ್ಸಿನಲ್ಲಿ ಕೂರುವುದೇ ಕಷ್ಟ, ವಾರಕ್ಕೆರಡು ಸಲ ಮಂಡಿಗೆ ಬೇರೆ ಪೇಟೆಗೆ ಹೋಗಬೇಕು, ಬಸ್ ನಿಲ್ದಾಣದ ಶೌಚಾಲಯದ ಸ್ಥಿತಿ ನಿಮಗೆ ಗೊತ್ತೇ ಇದೆ ಎಂದರು. ಮಂಡಿನೋವಿನ ಮಾತ್ರೆಯ ವಿಷಯ ಆಮೇಲೆ ಹೊರಬಂತು. ಪ್ರಯಾಣದ ದಿನ ಮೂತ್ರವರ್ಧಕವನ್ನು ಮನೆಗೆ ಮರಳಿದ ಬಳಿಕ ಸೇವಿಸುವುದು, ನೋವಿನ ಮಾತ್ರೆಯ ಬದಲು ಬೇರೆ ಉಪಾಯ, ಮನೆಯಲ್ಲಿಯೇ ಬೆಳಿಗ್ಗೆ ಸಂಜೆ ಅಳೆದು ಬರೆದಿಡುವುದು, ಹೀಗೆ ಮೂರು ತಿಂಗಳ ಗಡುವು ಹಾಕಿಕೊಟ್ಟು ವೈದ್ಯರು ಅವರನ್ನು ಕಳುಹಿಸಿದರು. ಮೊನ್ನೆ ಮೇಷ್ಟ್ರು ಹೊಸ ಪುಸ್ತಕವೊಂದನ್ನು ತಂದು ತೋರಿಸಿದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ದಿನಾಂಕವಾರು ಬರೆದಿದ್ದಾರೆ. ಕಳೆದ ಎರಡು ವಾರಗಳ ಅಂಕಗಳು 138ರಿಂದ 150ರ ನಡುವೆ ಇವೆ. ಇನ್ನೂ ಇಳಿಯಬೇಕು ಎಂದು ವೈದ್ಯರು ಹೇಳಿದ್ದಾರೆ. ಆಲ್ಡೊಸ್ಟಿರೋನ್ ಪರೀಕ್ಷೆಯ ಫಲಿತಾಂಶ ಬರುವುದಿದೆ. ತೋಟದ ಪತ್ರ ಸದ್ಯಕ್ಕೆ ಮನೆಯ ಪೆಟ್ಟಿಗೆಯಲ್ಲಿಯೇ ಇದೆ.